ಕುದುರೆ ಬೆನ್ನಿನ ಬಿಳಿ ಮಚ್ಚೆ: ಜೀನಿನ ಕೆಳಗಿನ ಕಂಬಳಿಯ ಕಥೆ

ಕಳೆದ ಏಪ್ರಿಲ್‌ನಲ್ಲಿ ಚಳ್ಳಕೆರೆ ಕಡೆಯ ಒಂದು ಮದುವೆಗೆ ಹೋಗಿದ್ದೆವು. ಸುದ್ದಿಗೆ ಹೋದದ್ದಲ್ಲ, ಊಟಕ್ಕೆ ಹೋದದ್ದು.

ಮದುಮಗನ ಮೆರವಣಿಗೆ ಕಲ್ಯಾಣ ಮಂಟಪ ಮುಟ್ಟುವಾಗ ಬೆಳಗಿನ ಹನ್ನೊಂದು ಗಂಟೆ. ಆ ಕಡೆಯ ಬಿಸಿಲು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮದುಮಗ ಕುದುರೆಯಿಂದ ಇಳಿದ. ಬ್ಯಾಂಡಿನವರು ನೆರಳಿಗೆ ಓಡಿದರು. ಎಲ್ಲರೂ ಎಲೆ ಹಿಡಿಯುವ ಅವಸರದಲ್ಲಿದ್ದರು. ಕುದುರೆ ಮಾತ್ರ ತಲೆ ತಗ್ಗಿಸಿ ನಿಂತಲ್ಲೇ ನಿಂತಿತ್ತು.

ಮಾಲೀಕರು ಅದನ್ನು ಹುಣಸೆ ಮರದ ಕೆಳಗೆ ಕರೆದುಕೊಂಡು ಹೋದರು. ಮೊದಲು ಜರಿ ಬಟ್ಟೆ ತೆಗೆದರು. ಆಮೇಲೆ ಜೀನು. ಅದರ ಕೆಳಗೆ ರೆಕ್ಸಿನ್ ಹೊದಿಸಿದ ದಪ್ಪ ಫೋಮಿನ ಮೆತ್ತೆ. ಅದನ್ನು ಎತ್ತಿದ ಕೂಡಲೇ ಬೆನ್ನಿನಿಂದ ಹಬೆ ಬಂದಂತಾಯಿತು. ಕೂದಲೆಲ್ಲ ಒದ್ದೆ, ಅಂಚಿನಲ್ಲಿ ಸೋಪಿನಂಥ ಬಿಳಿ ನೊರೆ. ಬೆನ್ನೆಲುಬಿನ ಎರಡೂ ಪಕ್ಕ ಅಂಗೈ ಅಗಲದ ಬಿಳಿ ಮಚ್ಚೆ. ಉಳಿದ ಮೈಯೆಲ್ಲ ಕಂದು.

“ಇದು ಹುಟ್ಟಿನಿಂದ ಬಂದ ಮಚ್ಚೆನಾ ಯಜಮಾನ್ರೇ?” ಎಂದು ಕೇಳಿದೆವು.

“ಇಲ್ಲ ಸಾರ್. ಹೋದ ವರ್ಷ ಹುಣ್ಣಾಗಿತ್ತು. ಮಾಗಿದ ಮೇಲೆ ಬಿಳಿ ಕೂದಲು ಬಂತು. ಆ ಸೀಜನ್ನಿನಲ್ಲಿ ಒಂದು ತಿಂಗಳು ಮನೇಲೇ ಕಟ್ಟಿದ್ದೆ” ಎಂದರು. ಸ್ವಲ್ಪ ತಡೆದು, “ನಮ್ಮಪ್ಪ ಜಟಕಾ ಹೊಡೀತಿದ್ರು. ಅವರ ಕುದುರೆಗೆ ಇಂಥ ಮಚ್ಚೆ ಇರಲಿಲ್ಲ” ಎಂದು ಸೇರಿಸಿದರು.

ಒಂದು ತಿಂಗಳು ಕುದುರೆ ಮನೆಯಲ್ಲಿ ಕಟ್ಟಿದರೆ ಅವರ ಮನೆಯ ಗತಿ ಏನು ಎಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಮದುವೆ ಮುಹೂರ್ತಗಳು ಬರುವುದು ಬೇಸಿಗೆಯಲ್ಲೇ. ಬೆನ್ನು ಕೆಡುವುದೂ ಬೇಸಿಗೆಯಲ್ಲೇ.

ಅಂದಿನಿಂದ ನಾವು ಜೀನಿನ ಕೆಳಗಿನ ಆ ಬಟ್ಟೆಯ ಹಿಂದೆ ಬಿದ್ದೆವು. ಕುದುರೆ ಸವಾರಿಯ ಚರಿತ್ರೆ ಎಂದರೆ ಕತ್ತಿ, ಭರ್ಜಿ, ಪಟ್ಟದ ಕುದುರೆ ಎಂದೇ ನಾವೆಲ್ಲ ಓದಿದ್ದೇವೆ. ಆದರೆ ಬಿಸಿಲಿನಲ್ಲಿ ಕುದುರೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ತೀರ್ಮಾನಿಸಿದ್ದು ಅನೇಕ ಸಲ ಒಂದು ಮಡಿಸಿದ ಕಂಬಳಿ. ಆ ಕಂಬಳಿಯ ಪಾಠವನ್ನು ಮನುಷ್ಯ ಲಕ್ಷಾಂತರ ಕುದುರೆಗಳನ್ನು ಕಳೆದುಕೊಂಡು ಕಲಿತ. ಈಗ ನಾವು ಅದನ್ನು ಮತ್ತೆ ಮರೆಯುತ್ತಿದ್ದೇವೆ.

ಜೀನಿಗಿಂತ ಮೊದಲು ಬಂದದ್ದು ಬಟ್ಟೆ

ಮರದ ಚೌಕಟ್ಟಿನ ಜೀನು, ಕಾಲಿಡುವ ರಿಕಾಪು ಇವೆಲ್ಲ ತಡವಾಗಿ ಬಂದವು. ಅದಕ್ಕೂ ಮೊದಲು ಕುದುರೆ ಬೆನ್ನಿನ ಮೇಲೆ ಇದ್ದದ್ದು ಬರೀ ಬಟ್ಟೆ, ಇಲ್ಲವೇ ಉಣ್ಣೆಯ ಹಾಸು.

ರಷ್ಯಾದ ಅಲ್ತಾಯ್ ಬೆಟ್ಟಗಳಲ್ಲಿ ಪಜಿರಿಕ್ ಎಂಬ ಜಾಗವಿದೆ. ಅಲ್ಲಿನ ಗೋರಿಗಳೊಳಗೆ ನೀರು ಹೋಗಿ ಹೆಪ್ಪುಗಟ್ಟಿದ್ದರಿಂದ, 2,300 ವರ್ಷಗಳಿಗೂ ಹಿಂದಿನ ಬಟ್ಟೆಗಳು ಕೊಳೆಯದೆ ಉಳಿದವು. ಕಳೆದ ಶತಮಾನದಲ್ಲಿ ಅಗೆದಾಗ ಅಲ್ಲಿ ಹೂತ ಕುದುರೆಗಳು ಸಿಕ್ಕವು, ಅವುಗಳ ಜೀನೂ ಸಿಕ್ಕಿತು. ಆ ಜೀನೆಂದರೆ ಒಳಗೆ ಕೂದಲು, ಹುಲ್ಲು ತುಂಬಿದ ಎರಡು ಮೆತ್ತೆಗಳು. ಬೆನ್ನೆಲುಬಿನ ಎಡಕ್ಕೊಂದು, ಬಲಕ್ಕೊಂದು. ನಡುವಿನ ಎಲುಬಿನ ಮೇಲೆ ಭಾರ ಬೀಳದ ಹಾಗೆ ಜೋಡಿಸಿದ್ದರು. ಅದರ ಕೆಳಗೆ ಉಣ್ಣೆಯ ಹಾಸು. ಇವತ್ತು ಜೀನು ಮಾಡುವವರು ಹೇಳುವ ಮೊದಲ ಪಾಠವೂ ಇದೇ: ಎಲುಬನ್ನು ಬಿಡು, ಪಕ್ಕದ ಮಾಂಸದ ಮೇಲೆ ಭಾರ ಇಡು.

ಗ್ರೀಸಿನ ಕ್ಸೆನೊಫನ್ ಸುಮಾರು ಅದೇ ಕಾಲದವನು. ಸ್ವತಃ ಸವಾರ, ಸೈನಿಕ. ಕುದುರೆ ಸವಾರಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಕುದುರೆ ಮೇಲಿನ ಬಟ್ಟೆ ಸವಾರನಿಗೆ ಭದ್ರವಾಗಿರಬೇಕು, ಕುದುರೆಯ ಬೆನ್ನನ್ನು ಉಜ್ಜಿ ಗಾಯ ಮಾಡಬಾರದು ಎನ್ನುತ್ತಾನೆ. ಬೆನ್ನಿನ ಕೂದಲಿಗೆ ಯಾವ ಉಪಕರಣವನ್ನೂ ತಾಗಿಸದೆ, ಕೂದಲು ಮಲಗುವ ದಿಕ್ಕಿಗೇ ಕೈಯಿಂದ ನೀವಬೇಕು ಎಂದೂ ಹೇಳುತ್ತಾನೆ. ಅವನದೇ ಇನ್ನೊಂದು ಪುಸ್ತಕದಲ್ಲಿ ಪರ್ಷಿಯನ್ನರ ಮೇಲೆ ಒಂದು ಚುಚ್ಚುಮಾತಿದೆ. ಅವರು ಈಗೀಗ ಹಾಸಿಗೆಗಿಂತ ಕುದುರೆ ಮೇಲೆಯೇ ಹೆಚ್ಚು ಹೊದಿಕೆ ಹಾಕುತ್ತಾರಂತೆ, ಸವಾರಿಗಿಂತ ಮೆತ್ತಗೆ ಕೂರುವುದೇ ಅವರಿಗೆ ಮುಖ್ಯವಂತೆ. ನಮ್ಮ ಮದುವೆ ಕುದುರೆಯ ಫೋಮ್ ನೋಡಿದ್ದರೆ ಏನೆನ್ನುತ್ತಿದ್ದನೋ.

ನಮ್ಮ ದೇಶಕ್ಕೆ ಬಂದರೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುದುರೆ ಲಾಯ ನೋಡಿಕೊಳ್ಳುವ ಅಶ್ವಾಧ್ಯಕ್ಷನಿಗೆ ಒಂದು ಇಡೀ ಅಧ್ಯಾಯವಿದೆ. ನಮಗೆ ಹಿಡಿಸಿದ್ದು ಬೇರೆ ಕಡೆ ಇರುವ ಕಂಬಳಿಗಳ ಪಟ್ಟಿ. ಉಣ್ಣೆಯ ಹೊದಿಕೆಗಳ ಬಗೆ ಎಣಿಸುತ್ತಾ ಅದರಲ್ಲಿ ‘ತುರಗಾಸ್ತರಣ’ ಎಂಬ ಒಂದು ಹೆಸರು ಬರುತ್ತದೆ. ತುರಗ ಎಂದರೆ ಕುದುರೆ, ಆಸ್ತರಣ ಎಂದರೆ ಹಾಸು. ಕುದುರೆಗೆಂದೇ ಬೇರೆ ಕಂಬಳಿ ಆಗಲೇ ಇತ್ತು.

ಇನ್ನೊಂದು ಮಾತು ಗಮನಿಸಿ. ಇಂಗ್ಲಿಷರು ಜೀನಿನ ಕೆಳಗಿನ ಹಾಸಿಗೆ ‘ನಮ್ನಾ’ ಎನ್ನುತ್ತಾರೆ. ಅದು ಅವರ ಮಾತಲ್ಲ, ಹಿಂದೂಸ್ತಾನದಿಂದ ಹೋದ ‘ನಮದಾ’. ಉಣ್ಣೆಯನ್ನು ನೇಯದೆ, ಒದ್ದೆ ಮಾಡಿ ಉಜ್ಜಿ ಒತ್ತಿ ಮಾಡುವ ದಪ್ಪ ಹಾಸಿಗೆ ಆ ಹೆಸರು. ಮರಾಠಿಯಲ್ಲಿ ತುಂಬಿದ ಮೆತ್ತೆಯ ಜೀನಿಗೆ ‘ಖೋಗೀರ್’ ಎನ್ನುತ್ತಾರೆ. ಅದರೊಳಗೆ ಕೈಗೆ ಸಿಕ್ಕ ಚಿಂದಿಯನ್ನೆಲ್ಲ ತುರುಕುತ್ತಿದ್ದರಿಂದ, ಕೆಲಸಕ್ಕೆ ಬಾರದವರನ್ನು ಲೆಕ್ಕಕ್ಕಾಗಿ ಸೇರಿಸಿಕೊಂಡರೆ ‘ಖೋಗೀರ್ ಭರ್ತಿ’ ಎಂಬ ಮಾತು ಹುಟ್ಟಿತು. ಯಾವುದೋ ಕಮಿಟಿಯ ಸುದ್ದಿ ಬರೆಯುವಾಗ ನಮಗೂ ಈ ಮಾತು ನೆನಪಾಗುವುದುಂಟು.

ವಿಜಯನಗರದ ಕಾಲಕ್ಕೆ ಬಂದರೆ ಕುದುರೆಯ ಖರೀದಿ ಲೆಕ್ಕ ಸಿಗುತ್ತದೆ. ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಎಂದು ಬರೆದಿದ್ದಾನೆ. ಹಂಪಿಯ ಹಜಾರ ರಾಮ ದೇವಸ್ಥಾನದ ಹೊರಗೋಡೆಯ ಮೇಲೆ ಕುದುರೆಗಳ ಸಾಲು ಇಂದಿಗೂ ನೋಡಬಹುದು. ಅದಕ್ಕೂ ಮೊದಲು, 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಹಡಗಿನಲ್ಲಿ ತರಿಸಿದ ಸಾವಿರಾರು ಕುದುರೆಗಳಲ್ಲಿ ಹೆಚ್ಚಿನವು ವರ್ಷದೊಳಗೆ ಸಾಯುತ್ತವೆ, ಆರೈಕೆ ತಿಳಿದವರಿಲ್ಲ ಎಂದು ಬರೆದ. ಕುದುರೆಗೆ ಕೊಟ್ಟ ದುಡ್ಡನ್ನು ಎಲ್ಲರೂ ಬರೆದಿಟ್ಟರು. ಕುದುರೆ ತೊಳೆದ, ಕಂಬಳಿ ಒಣಗಿಸಿದ ಲಾಯದ ಆಳಿನ ಮಾತನ್ನು ಯಾರೂ ಬರೆದಿಡಲಿಲ್ಲ.

ಬೆನ್ನಿನ ಮೇಲೆ ಆಗುವುದೇನು?

ಮುಂದಿನ ಕಥೆ ಅರ್ಥವಾಗಬೇಕಾದರೆ ಸ್ವಲ್ಪ ಬೆನ್ನಿನ ವಿಚಾರ ಬೇಕು.

ಎತ್ತು, ಎಮ್ಮೆಗಿಂತ ಒಂದು ಶಕ್ತಿ ಕುದುರೆಗೆ ಹೆಚ್ಚಿದೆ. ಅದು ನಮ್ಮ ಹಾಗೆ ಮೈತುಂಬ ಬೆವರುತ್ತದೆ. ಬಿಸಿಲಿನಲ್ಲಿ ಜೋರಾಗಿ ಓಡುವ ಕುದುರೆ ಗಂಟೆಗೆ 10 ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲದು. ಅದರ ಬೆವರಿನಲ್ಲಿ ಲ್ಯಾಥರಿನ್ ಎಂಬ ಸೋಪಿನ ಗುಣದ ಒಂದು ಪ್ರೋಟೀನು ಇದೆ. ಎಣ್ಣೆ ಜಿಡ್ಡಿನ ಕೂದಲ ಮೇಲೆ ಬೆವರು ಹನಿಯಾಗಿ ನಿಲ್ಲದೆ ಹರಡಲಿ, ಬೇಗ ಆರಲಿ ಎಂದು ಆ ಏರ್ಪಾಡು. ನಾವು ಕಂಡ ಬಿಳಿ ನೊರೆ ಅದೇ.

ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಜೀನು ಕೂತ ಜಾಗದಲ್ಲಿ ಗಾಳಿಯಿಲ್ಲ, ಬೆವರು ಆರುವುದಿಲ್ಲ. ಚರ್ಮ ಒದ್ದೆಯಲ್ಲೇ ಮೆತ್ತಗಾಗುತ್ತದೆ. ನೀರಿನಲ್ಲಿ ಬಹಳ ಹೊತ್ತು ನಿಂತು ನಾಟಿ ಮಾಡಿದವರ ಕಾಲ್ಬೆರಳ ಸಂದಿಯನ್ನು ನೆನಪು ಮಾಡಿಕೊಳ್ಳಿ. ಅಂಥ ಮೆತ್ತಗಿನ ಚರ್ಮದ ಮೇಲೆ ಉಪ್ಪು, ಧೂಳು ಸೇರಿ ಉಜ್ಜಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಇದಕ್ಕಿಂತ ದೊಡ್ಡ ಕೇಡು ಒತ್ತಡ. ಒಂದೇ ಜಾಗದ ಮೇಲೆ ಗಂಟೆಗಟ್ಟಲೆ ಭಾರ ಬಿದ್ದರೆ ಅಲ್ಲಿ ರಕ್ತ ಓಡಾಡುವುದು ನಿಲ್ಲುತ್ತದೆ. ಮೊದಲು ಊತ, ಆಮೇಲೆ ಹುಣ್ಣು. ಕೂದಲಿಗೆ ಬಣ್ಣ ಕೊಡುವ ಕಣಗಳು ಆ ಒತ್ತಡಕ್ಕೆ ಸತ್ತರೆ, ಗಾಯ ಮಾಗಿದ ಮೇಲೂ ಅಲ್ಲಿ ಹುಟ್ಟುವುದು ಬಿಳಿ ಕೂದಲೇ. ಆ ಬಿಳಿ ಮಚ್ಚೆಗಳು ಅಳಿಸಲಾಗದ ದಾಖಲೆ. ಸವಾರ ಏನೇ ಹೇಳಲಿ, ಕುದುರೆ ಬೆನ್ನು ಸುಳ್ಳು ಹೇಳುವುದಿಲ್ಲ.

ಹಾಗಾದರೆ ಕಂಬಳಿಯ ಕೆಲಸ ಮೂರು. ಬೆವರು ಹೀರಬೇಕು. ಭಾರವನ್ನು ಒಂದೇ ಕಡೆ ಬೀಳದಂತೆ ಹರಡಬೇಕು. ಜೀನು ಚರ್ಮವನ್ನು ಉಜ್ಜದಂತೆ ನಡುವೆ ನಿಲ್ಲಬೇಕು. ಈ ಮೂರನ್ನೂ ಬಹಳ ಕಾಲ ಒಟ್ಟಿಗೆ ಮಾಡಿದ್ದು ಉಣ್ಣೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಅದರ ಎಳೆ ಗುಂಗುರು, ಒತ್ತಿದರೆ ಮತ್ತೆ ಏಳುತ್ತದೆ. ಬಿಸಿಲಿಗೆ ಉಣ್ಣೆಯೇ ಎಂದು ಹುಬ್ಬೇರಿಸುವವರು, ಬೇಸಿಗೆಯಲ್ಲೂ ಹೆಗಲ ಮೇಲಿನ ಕಂಬಳಿ ಇಳಿಸದ ನಮ್ಮ ಕುರಿಗಾಹಿಗಳನ್ನು ಕೇಳಬಹುದು.

ಮೂರು ಲಕ್ಷ ಕುದುರೆಗಳ ಪಾಠ

ಇದೆಲ್ಲ ತಿಳಿದಿದ್ದೂ ಅನುಸರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧ. ನಡೆದದ್ದು 1899ರಿಂದ 1902ರವರೆಗೆ.

ಅದಕ್ಕೂ ಎಂಟು ವರ್ಷ ಮೊದಲೇ, 1891ರಲ್ಲಿ, ಬ್ರಿಟಿಷ್ ಸೈನ್ಯದ ಪಶುವೈದ್ಯ ಫ್ರೆಡರಿಕ್ ಸ್ಮಿತ್ ಜೀನು ಮತ್ತು ಬೆನ್ನುಹುಣ್ಣಿನ ಬಗ್ಗೆಯೇ ಒಂದು ಕೈಪಿಡಿ ಬರೆದಿದ್ದರು. ಅಂದರೆ ತಿಳಿವಳಿಕೆ ಪುಸ್ತಕದಲ್ಲಿತ್ತು. ಲಾಯಕ್ಕೆ, ಬಯಲಿಗೆ ಬಂದಿರಲಿಲ್ಲ.

ಯುದ್ಧಕ್ಕೆ ಬೇರೆ ಬೇರೆ ದೇಶಗಳಿಂದ ಹಡಗಿನಲ್ಲಿ ಕುದುರೆ ತಂದರು. ವಾರಗಟ್ಟಲೆ ಹಡಗಿನಲ್ಲಿ ನಿಂತು ಬಂದ ಪ್ರಾಣಿಗಳಿಗೆ ವಿಶ್ರಾಂತಿ ಕೊಡದೆ, ಹವೆಗೆ ಒಗ್ಗಲು ಬಿಡದೆ ಸವಾರಿಗೆ ಹಚ್ಚಿದರು. ಮೇವು ಕಡಿಮೆ, ಹೊರೆ ಹೆಚ್ಚು. ಕುದುರೆಗಳು ಬಡವಾದವು. ಇಲ್ಲಿ ಒಂದು ಸೂಕ್ಷ್ಮವಿದೆ. ದಷ್ಟಪುಷ್ಟ ಕುದುರೆಗೆ ಸರಿಯಾಗಿ ಕೂತ ಜೀನು, ಅದೇ ಕುದುರೆ ಇಳಿದಾಗ ಸರಿಯಾಗಿ ಕೂರುವುದಿಲ್ಲ. ಬೆನ್ನಿನ ಪಕ್ಕದ ಮಾಂಸ ಕರಗಿ ಎಲುಬು ಮೇಲೆ ಬರುತ್ತದೆ, ಜೀನು ನೇರ ಎಲುಬಿಗೇ ತಗಲುತ್ತದೆ.

ಆ ಯುದ್ಧದಲ್ಲಿ ಬ್ರಿಟಿಷರ ಕಡೆ ಸತ್ತ ಕುದುರೆಗಳು 3,26,000ಕ್ಕೂ ಹೆಚ್ಚು. ಅವುಗಳಲ್ಲಿ ಹೆಚ್ಚಿನವು ಗುಂಡೇಟಿಗೆ ಸತ್ತದ್ದಲ್ಲ. ಹಸಿವು, ದಣಿವು, ರೋಗ, ಅತಿಯಾದ ಹೊರೆ ಅವನ್ನು ಕೊಂದವು. ಬೆನ್ನು ಹುಣ್ಣಾದದ್ದು ಈ ಸಂಕಟದ ಒಂದು ಭಾಗ. ಪೋರ್ಟ್ ಎಲಿಜಬೆತ್ ಊರಿನಲ್ಲಿ 1905ರಲ್ಲಿ ಆ ಕುದುರೆಗಳಿಗಾಗಿ ಒಂದು ಸ್ಮಾರಕ ನಿಲ್ಲಿಸಿದರು. ಸೈನಿಕನೊಬ್ಬ ಮೊಣಕಾಲೂರಿ ಕುದುರೆಗೆ ಬಕೆಟ್ಟಿನಲ್ಲಿ ನೀರು ಹಿಡಿದಿದ್ದಾನೆ.

ಇಷ್ಟಾದ ಮೇಲೆ ಸೈನ್ಯ ಎಚ್ಚೆತ್ತಿತು. 1912ರಲ್ಲಿ ಬಂದ ಹೊಸ ಮಾದರಿಯ ಜೀನಿನ ಪಕ್ಕದ ಹಲಗೆಗಳು ಸ್ವಲ್ಪ ತಿರುಗುತ್ತಿದ್ದವು. ಕುದುರೆ ದಪ್ಪವಾದರೂ ಬಡವಾದರೂ ಬೆನ್ನಿಗೆ ಹೊಂದಿಕೊಳ್ಳಲಿ ಎಂದು. ಅದರ ಕೆಳಗೆ ಮಡಿಸಿದ ಉಣ್ಣೆ ಕಂಬಳಿ. ಕುದುರೆ ಇಳಿದಂತೆ ಮಡಿಕೆ ಹೆಚ್ಚಿಸಬಹುದು, ತುಂಬಿಕೊಂಡಂತೆ ಕಡಿಮೆ ಮಾಡಬಹುದು. ರಾತ್ರಿ ಅದೇ ಕಂಬಳಿ ಹೊದೆಯಲೂ ಆಗುತ್ತದೆ. ನೋಡಲು ಸಾಮಾನ್ಯ ಕಂಬಳಿ. ಆದರೆ ಯಾವ ಹೊಲಿದ ಮೆತ್ತೆಗೂ ಇಲ್ಲದ ಗುಣ ಅದಕ್ಕಿತ್ತು: ದಿನಾ ಬೇರೆ ಆಕಾರಕ್ಕೆ ಮಡಿಸಬಹುದಿತ್ತು.

ಜೋರ್ಡಾನ್ ಕಣಿವೆಯಲ್ಲಿ ನಮ್ಮವರು

ಈ ಪಾಠದ ನಿಜವಾದ ಪರೀಕ್ಷೆ ನಡೆದದ್ದು 1918ರ ಬೇಸಿಗೆಯಲ್ಲಿ. ಆ ಪರೀಕ್ಷೆಯಲ್ಲಿ ಮೈಸೂರಿನವರೂ ಇದ್ದರು.

ಮೈಸೂರು ಸಂಸ್ಥಾನದಲ್ಲಿ ಹಿಂದಿನಿಂದ ಸಿಲ್ಲೇದಾರರ ಕುದುರೆ ದಂಡು ಇತ್ತು. ಸಿಲ್ಲೇದಾರ ಎಂದರೆ ಸ್ವಂತ ಕುದುರೆ, ಸ್ವಂತ ಜೀನು ತಂದು ಸಂಬಳಕ್ಕೆ ಸೇರುವ ಸವಾರ. ಕುದುರೆ ಕೆಟ್ಟರೆ ಅವನ ಬದುಕೇ ಕೆಟ್ಟಂತೆ. ಮುಂದೆ ಸಂಸ್ಥಾನ ಕಟ್ಟಿದ ಮೈಸೂರು ಲ್ಯಾನ್ಸರ್ಸ್ ದಳ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1914ರಲ್ಲಿ ಮೊದಲ ಮಹಾಯುದ್ಧಕ್ಕೆಂದು ಈಜಿಪ್ಟಿಗೆ ಹೊರಟಿತು. ಹೈದರಾಬಾದ್ ಸಂಸ್ಥಾನದ ದಳವೂ ಜೊತೆಗಿತ್ತು, ಜೋಧಪುರದ ದಳ ನಂತರ ಸೇರಿಕೊಂಡಿತು. ಮೊದಲು ಸೂಯೆಜ್ ಕಾಲುವೆಯ ಕಾವಲು, ನಂತರ ಪ್ಯಾಲೆಸ್ಟೈನ್.

1918ರಲ್ಲಿ ಈ ದಳಗಳು ಜೋರ್ಡಾನ್ ಕಣಿವೆಗೆ ಬಂದವು. ಆ ಕಣಿವೆ ನದಿಯ ಬಳಿ ಸಮುದ್ರ ಮಟ್ಟಕ್ಕಿಂತ 300 ಮೀಟರಿಗೂ ಹೆಚ್ಚು ಕೆಳಗಿದೆ. ಬೇಸಿಗೆಯಲ್ಲಿ ಬಿಸಿ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಮಾಮೂಲು. ಸಾವಿರಾರು ಗೊರಸು ತುಳಿದು ನೆಲ ಹಿಟ್ಟಿನಂತೆ ಪುಡಿಯಾಗಿ ಧೂಳು ಮೋಡದಂತೆ ಏಳುತ್ತಿತ್ತು. ಮಲೇರಿಯಾ, ಚೇಳು, ನೊಣ ಬೇರೆ. ಸವಾರ, ಬಂದೂಕು, ಮೇವು, ನೀರು, ಜೀನು ಎಲ್ಲ ಸೇರಿ ಆ ರಂಗದ ಅಶ್ವದಳಗಳ ಕುದುರೆ ಹೊರುತ್ತಿದ್ದ ಭಾರ ಸುಮಾರು 120ರಿಂದ 130 ಕಿಲೋ. ಒಂದೂಕಾಲು ಕ್ವಿಂಟಲಿನ ಆಸುಪಾಸು.

ಅಂಥ ಕಡೆ ಬೆವರಿನ ಉಪ್ಪು ಮತ್ತು ಧೂಳು ಸೇರಿದ ಕಂಬಳಿ ಮರಳು ಕಾಗದದಂತಾಗುತ್ತದೆ. ಹಾಗಾಗಿ ಆ ಕಾಲದ ಅಶ್ವದಳಗಳಲ್ಲಿ ಕಂಬಳಿಯ ಶಿಸ್ತು ಬಂದೂಕಿನ ಶಿಸ್ತಿನಷ್ಟೇ ಬಿಗಿ. ಇಳಿದ ಕೂಡಲೇ ಹೊಟ್ಟೆಪಟ್ಟಿ ಸಡಿಲಿಸಬೇಕು. ದಾರಿಯಲ್ಲಿ ಆಗಾಗ ಇಳಿದು ಕುದುರೆಯ ಪಕ್ಕ ನಡೆಯಬೇಕು. ಜೀನು ತೆಗೆದ ಮೇಲೆ ಅಂಗೈಯಿಂದ ಬೆನ್ನು ತಿಕ್ಕಬೇಕು, ಎಲ್ಲಾದರೂ ಬಿಸಿ ಇದೆಯೇ, ಊತ ಇದೆಯೇ ಎಂದು ಬೆರಳಲ್ಲಿ ನೋಡಬೇಕು. ಕಂಬಳಿ ಕೊಡವಿ, ಬಿಸಿಲಿಗೆ ಹಾಕಿ, ಸುಕ್ಕಿಲ್ಲದಂತೆ ಮತ್ತೆ ಮಡಿಸಬೇಕು. ಕುದುರೆಯ ಬೆನ್ನು ಹುಣ್ಣಾದರೆ ಅದು ಸವಾರನ ತಪ್ಪು.

ಜುಲೈ ತಿಂಗಳಲ್ಲಿ ಜೋರ್ಡಾನ್ ನದಿ ದಂಡೆಯಲ್ಲೇ ಜೋಧಪುರ, ಮೈಸೂರು ದಳಗಳು ತುರ್ಕಿ ಸೈನ್ಯದ ಜೊತೆ ಕಾದಾಡಿದವು. ಸೆಪ್ಟೆಂಬರ್ 19ರಂದು ದೊಡ್ಡ ದಾಳಿ ಶುರುವಾಯಿತು. ಸೆಪ್ಟೆಂಬರ್ 23ರಂದು ಹೈಫಾ. ಜೋಧಪುರದವರು ಊರಿನ ಮೇಲೆ ನುಗ್ಗಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ತೋಪುಗಳ ಕಡೆ ಹೋಯಿತು. ಸಂಜೆಯೊಳಗೆ ಊರು ಕೈಗೆ ಬಂತು.

ಆ ದಿನದ ಲೆಕ್ಕ ಹೀಗಿದೆ: ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83.

ಅಲ್ಲಿಗೇ ಮುಗಿಯಲಿಲ್ಲ. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಪಟ್ಟಣದ ಆಚೆ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರ ದಳಗಳು ಮತ್ತೆ ಶತ್ರುವಿನ ಮೇಲೆ ಏರಿಹೋದವು. ಐದೂವರೆ ವಾರದಲ್ಲಿ ಅವರಿದ್ದ ಅಶ್ವ ವಿಭಾಗ ಕ್ರಮಿಸಿದ ದೂರ 500 ಮೈಲಿಗೂ ಹೆಚ್ಚು. ಅನೇಕ ಕುದುರೆಗಳು ದಾರಿಯಲ್ಲೇ ಬಿದ್ದವು ನಿಜ. ಆದರೆ ಹರಿತಾನ್ ತಲುಪಿದ ಕುದುರೆಗಳ ಬೆನ್ನು ಗಟ್ಟಿಯಾಗಿ ಉಳಿದಿರಬೇಕು ಎಂಬುದು ನಮ್ಮ ಊಹೆ. ಬೆನ್ನು ಕೆಟ್ಟ ಕುದುರೆ ಭಾರ ಹೊತ್ತು 500 ಮೈಲಿ ಬರುವುದಿಲ್ಲ.

ದೆಹಲಿಯ ತೀನ್ ಮೂರ್ತಿ ಸ್ಮಾರಕ ಈ ಮೂರು ಸಂಸ್ಥಾನಗಳ ಸೈನಿಕರ ನೆನಪಿಗೆ ನಿಂತದ್ದು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರೂ ಸೇರಿತು. ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಅಶ್ವದಳದ ಆ ಸ್ಮಾರಕದಲ್ಲಿ ಕುದುರೆ ಇಲ್ಲ.

ಹಳೆಯ ನಿಯಮಗಳಲ್ಲಿ ಒಂದು ತಪ್ಪಿತ್ತು

ಹಳಬರು ಹೇಳಿದ್ದೆಲ್ಲ ಸರಿ ಎಂದು ನಾವು ಹೇಳುವುದಿಲ್ಲ. ಅಂದಿನ ಸೈನ್ಯದ ಒಂದು ದೊಡ್ಡ ನಿಯಮ: ಬೆನ್ನಿನ ಬೆವರು ಆರುವ ತನಕ ಜೀನು ತೆಗೆಯಬೇಡ. ಒಮ್ಮೆಲೇ ತೆಗೆದರೆ ಒತ್ತಿದ ಜಾಗಕ್ಕೆ ರಕ್ತ ನುಗ್ಗಿ ಊದುತ್ತದೆ ಎಂಬ ಭಯ. ಬಿಸಿಯಾದ ಕುದುರೆಗೆ ತಣ್ಣೀರು ಹಾಕಿದರೆ ಮಾಂಸಖಂಡ ಸೆಡೆತುಕೊಳ್ಳುತ್ತದೆ ಎಂಬ ನಂಬಿಕೆಯೂ ಇತ್ತು. ನಮ್ಮ ಕಡೆ ಇಂದಿಗೂ ಹೀಗೆ ಹೇಳುವವರಿದ್ದಾರೆ.

1996ರ ಒಲಿಂಪಿಕ್ಸ್ ಅಮೆರಿಕದ ಅಟ್ಲಾಂಟಾದಲ್ಲಿ ನಡೆಯಿತು. ಅಲ್ಲಿ ಸೆಕೆ, ತೇವ ಎರಡೂ ಹೆಚ್ಚು. ಕುದುರೆಗಳು ಬಿದ್ದಾವು ಎಂಬ ಭಯದಿಂದ ಕ್ರೀಡೆಗೆ ಮೊದಲೇ ವಿಜ್ಞಾನಿಗಳು ಪರೀಕ್ಷೆ ಮಾಡಿದರು. ತಣ್ಣೀರು ಸುರಿದರೆ ಕುದುರೆಗೆ ಕೇಡಿಲ್ಲ, ಮೈ ಬಿಸಿ ಬೇಗ ಇಳಿಯುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. ಈಗ ಪಶುವೈದ್ಯರು ಹೇಳುವುದು ಇಷ್ಟು. ಕುದುರೆ ಬಿಸಿಲಿಗೆ ಬಳಲಿ ಏದುಸಿರು ಬಿಡುತ್ತಿದ್ದರೆ ಜೀನು, ಕಂಬಳಿ ಎರಡನ್ನೂ ಆಗಲೇ ತೆಗೆಯಿರಿ. ನೆರಳಿಗೆ ತನ್ನಿ. ಮೈಯೆಲ್ಲ ನೆನೆಯುವಂತೆ ನೀರು ಸುರಿಯುತ್ತಲೇ ಇರಿ. ಕುಡಿಯಲೂ ಕೊಡಿ. ಸಾಮಾನ್ಯ ಸವಾರಿ ಮುಗಿದಾಗ ಹೊಟ್ಟೆಪಟ್ಟಿ ಸಡಿಲಿಸಿ ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಜೀನು ತೆಗೆದರೆ ಸಾಕು.

ಉಳಿದ ಹಳೆಯ ನಿಯಮಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ.

ಈ ಬೇಸಿಗೆಗೆ ಆ ಚರಿತ್ರೆಯಿಂದ

ಮದುವೆ ಕುದುರೆ, ಪ್ರವಾಸಿಗರ ಕುದುರೆ, ಜಾತ್ರೆಯ ಕುದುರೆ ಸಾಕಿದವರಿಗೆ ಈ ಕಥೆಯಿಂದ ಸಿಗುವುದು ಇಷ್ಟು:

ಮೊದಲು ಜೀನು ನೋಡಿ. ಜೀನು ಬೆನ್ನಿಗೆ ಸರಿಹೊಂದದಿದ್ದರೆ ಯಾವ ಮೆತ್ತೆಯೂ ಅದನ್ನು ಸರಿಮಾಡುವುದಿಲ್ಲ. ಬಿಗಿ ಬೂಟಿಗೆ ಎರಡು ಜೊತೆ ಕಾಲುಚೀಲ ಹಾಕಿದರೆ ಕಾಲಿಗೆ ಇನ್ನೂ ನೋವು. ದಪ್ಪ ಫೋಮೂ ಹಾಗೆಯೇ.

ಬೇಸಿಗೆಗೆ ತೆಳುವಾದದ್ದು, ಹೀರುವಂಥದ್ದು ಆರಿಸಿ. ಉಣ್ಣೆ ಒಳ್ಳೆಯದು. ಹತ್ತಿ ಅಗ್ಗ, ತೊಳೆಯಲು ಸುಲಭ. ಆದರೆ ಪೂರಾ ನೆನೆದ ಮೇಲೆ ಸುಕ್ಕುಗಟ್ಟಿ ಅಂಟುತ್ತದೆ, ಹಾಗಾಗಿ ಬದಲಿಗೆ ಇನ್ನೊಂದು ಇರಲಿ. ರೆಕ್ಸಿನ್, ರಬ್ಬರ್ ಥರದವು ಬೆವರನ್ನು ಹೀರುವುದಿಲ್ಲ, ಗಾಳಿ ಬಿಡುವುದಿಲ್ಲ, ಬಿಸಿಯನ್ನು ಒಳಗೇ ಹಿಡಿಯುತ್ತವೆ. ಚರ್ಮಕ್ಕೆ ತಗಲುವ ಕಡೆ ಅವು ಬೇಡ.

ಹೊಸ ಕಂಬಳಿ ಕೊಂಡ ಕೂಡಲೇ ಹಾಕಬೇಡಿ. ನಮ್ಮ ಕಡೆ ಕಂಬಳಿ ನೇಯುವಾಗ ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಅದರಿಂದ ಹೊಸದು ಬಿರುಸಾಗಿರುತ್ತದೆ. ನೆನೆಸಿ ತೊಳೆದು ಮೆತ್ತಗಾದ ಮೇಲೆ ಬಳಸಿ. ನಮ್ಮ ಕುರಿ ಉಣ್ಣೆ ಒರಟು. ಚುಚ್ಚುತ್ತದೆ ಅನಿಸಿದರೆ ಕೆಳಗೊಂದು ಹಳೆಯ ಹತ್ತಿ ಬಟ್ಟೆ ಹಾಕಿ.

ಹಾಕುವಾಗ ಕತ್ತಿನ ಬುಡದ ಕಡೆ ಸ್ವಲ್ಪ ಮುಂದಿಟ್ಟು ಹಿಂದಕ್ಕೆ ಜಾರಿಸಿ, ಕೂದಲು ಮಲಗುವ ದಿಕ್ಕಿಗೆ. ಜೀನು ಇಟ್ಟ ಮೇಲೆ ನಡುವಿನಲ್ಲಿ ಬಟ್ಟೆಯನ್ನು ಬೆರಳಿನಿಂದ ಮೇಲಕ್ಕೆ ಎತ್ತಿ ಜೀನಿನ ಸಂದಿಗೆ ಸೇರಿಸಿ. ಬೆನ್ನೆಲುಬಿನ ಮೇಲೆ ಗಾಳಿ ಆಡಲು ಜಾಗ ಆಗುತ್ತದೆ. ಒಂದೇ ಒಂದು ಸುಕ್ಕು, ಒಂದು ಮುಳ್ಳು ಉಳಿದರೂ ಹುಣ್ಣಿಗೆ ಸಾಕು.

ತೆಗೆದ ಕೂಡಲೇ ಬೆನ್ನನ್ನು ಓದಿ. ಎರಡೂ ಪಕ್ಕ ಒಂದೇ ಸಮ ಒದ್ದೆಯಾಗಿದ್ದರೆ ಒಳ್ಳೆಯದು. ಒದ್ದೆಯ ನಡುವೆ ಒಂದು ಒಣ ತೇಪೆ ಕಂಡರೆ ಅನುಮಾನಿಸಿ. ಒತ್ತಡ ಹೆಚ್ಚಾಗಿ ಅಲ್ಲಿ ಬೆವರೇ ಬಂದಿಲ್ಲದಿರಬಹುದು. ನಾಳೆಯ ಬಿಳಿ ಮಚ್ಚೆ ಹುಟ್ಟುವುದು ಅಲ್ಲೇ. ಮುಟ್ಟಿದರೆ ಕುದುರೆ ಬೆನ್ನು ಬಗ್ಗಿಸಿದರೆ, ಆ ದಿನ ಮತ್ತೆ ಜೀನು ಬೇಡ.

ಕಂಬಳಿಯನ್ನು ಬೆವರಿನ ಮಗ್ಗುಲು ಮೇಲೆ ಮಾಡಿ ಒಣಗಿಸಿ. ಒಣಗಿದ ಮೇಲೆ ಉಪ್ಪು, ಕೂದಲು ಉದುರುವಂತೆ ಕೊಡವಿ. ಉಣ್ಣೆಯನ್ನು ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರಿಗೆ ಅದು ಕುಗ್ಗಿ ಗಟ್ಟಿಯಾಗುತ್ತದೆ. ಸೋಪು ಪೂರಾ ಹೋಗುವ ತನಕ ಜಾಲಿಸಿ. ಒಂದು ಕುದುರೆಯದು ಇನ್ನೊಂದಕ್ಕೆ ಬೇಡ, ಹುಳುಕಡ್ಡಿ ಹರಡುವುದು ಹಾಗೆಯೇ.

ಮತ್ತೆ ಆ ಹುಣಸೆ ಮರದ ಕೆಳಗೆ

ಮೇ ತಿಂಗಳಲ್ಲಿ ಇನ್ನೊಂದು ಮದುವೆಯಲ್ಲಿ ಅದೇ ಮಾಲೀಕರು ಸಿಕ್ಕರು. ಫೋಮಿನ ಮೆತ್ತೆ ಬಿಟ್ಟಿರಾ ಎಂದು ಕೇಳಿದೆವು.

“ಪೂರಾ ಬಿಡಕ್ಕಾಗಲ್ಲ ಸಾರ್. ಹುಡುಗನ ಕಡೆಯವರು ಝಗಝಗ ಅನ್ನಬೇಕು ಅಂತಾರೆ. ಬರೀ ಕಂಬಳಿ ಹಾಕಿದ್ರೆ ಬಡ ಕುದುರೆ ಅಂತ ಬಾಡಿಗೆ ಕಡಿಮೆ ಮಾಡ್ತಾರೆ” ಎಂದರು. ಆಮೇಲೆ ಜರಿ ಬಟ್ಟೆಯ ಅಂಚು ಎತ್ತಿ ತೋರಿಸಿದರು. ಜರಿ ಮೇಲೆ, ಜೀನು ನಡುವೆ, ಚರ್ಮಕ್ಕೆ ತಗಲುವ ಕಡೆ ತೊಳೆದು ಮೆತ್ತಗಾದ ಹಳೆಯ ಕರಿ ಕಂಬಳಿ. ಅವರ ಅಪ್ಪನ ಕಾಲದ್ದಂತೆ. ಫೋಮ್ ಎಲ್ಲಿ ಹೋಯಿತು ಎಂದರೆ, “ಅದರ ಮೇಲೆ ನಾನು ಮಲಗ್ತೀನಿ” ಎಂದು ನಕ್ಕರು.

ಬಿಳಿ ಮಚ್ಚೆ ಹಾಗೇ ಇತ್ತು, ಅದು ಹೋಗುವುದಿಲ್ಲ. ಹೊಸ ಮಚ್ಚೆ ಇರಲಿಲ್ಲ.

ಮದುವೆಗೆ ಕುದುರೆ ಬಾಡಿಗೆ ಹಿಡಿಯುವವರಿಗೆ ನಮ್ಮದೊಂದು ಮಾತು. ಮುಂಗಡ ಕೊಡುವ ಮೊದಲು ಜರಿ ಬಟ್ಟೆ ಎತ್ತಿ ಬೆನ್ನು ನೋಡಿ. ಹಸಿ ಗಾಯ ಇದ್ದರೆ ಆ ಕುದುರೆ ಬೇಡ. ಬೆನ್ನು ಚೆನ್ನಾಗಿದ್ದು ಕೆಳಗೆ ಬರೀ ಕಂಬಳಿ ಕಂಡರೆ, ಅದಕ್ಕೆಂದು ಬಾಡಿಗೆ ಇಳಿಸಬೇಡಿ. ಮೆರವಣಿಗೆಯನ್ನು ಬಿಸಿಲೇರುವ ಮೊದಲೇ ಮುಗಿಸಿ. ಮದುಮಗ ಇಳಿದ ಮೇಲೆ ಕುದುರೆಗೂ ಒಂದು ಬಕೆಟ್ ನೀರು ಇಡಿಸಿ.

ನಿಮ್ಮ ಊರಿನಲ್ಲಿ ಜಟಕಾ ಹೊಡೆದ ಹಿರಿಯರಿದ್ದರೆ, ಮನೆಯಲ್ಲಿ ಯಾರಾದರೂ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರೆ, ಅವರು ಕುದುರೆ ಬೆನ್ನಿಗೆ ಏನು ಹಾಕುತ್ತಿದ್ದರು ಎಂದು ಕೇಳಿ ನಮಗೆ ಬರೆಯಿರಿ. ಅದನ್ನು ಈಗ ಬರೆದಿಡದಿದ್ದರೆ ಆಮೇಲೆ ಕೇಳಲು ಅವರು ಇರುವುದಿಲ್ಲ.